ಚಕ್ರದ ಮೇಲಿನ ಅಡುಗೆಮನೆಗೆ ಡಿಶ್ ಕಟ್ಟಿದ್ದು

ಏಣಿ ಇಡುವ ಮೊದಲು ಮನೆಯವರನ್ನು ಎರಡು ಪ್ರಶ್ನೆ ಕೇಳಬೇಕು. ನಾಯಿ ಕಟ್ಟಿದ್ದೀರಾ? ಹಂಚಿನ ಮಾಡಿನ ಅಡಿಯಲ್ಲಿ ಜೇನು ಇದೆಯಾ? ಸಿಗ್ನಲ್, ಚಾನೆಲ್, ರಿಮೋಟು ಇವೆಲ್ಲ ಆಮೇಲಿನ ಮಾತು. ನಾಯಿ ಕಟ್ಟಿದ್ದೇವೆ ಎಂದರೆ ಅಷ್ಟಕ್ಕೇ ನಂಬಬೇಡಿ. ಯಾವ ಕಂಬಕ್ಕೆ, ಎಷ್ಟು ಉದ್ದದ ಹಗ್ಗದಲ್ಲಿ ಎಂದು ನೋಡಿ. ಇದನ್ನು ನನಗೆ ಯಾವ ಕಂಪನಿಯ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಹೇಳಿಕೊಟ್ಟದ್ದು ಹರಿಹರಪುರದ ಒಂದು ನಾಯಿ.

ಕೊಪ್ಪದಲ್ಲಿ ಅಂಗಡಿ ಇಟ್ಟು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಮಾಡುಗಳನ್ನು ಹತ್ತಿ ಇಳಿದು ನನ್ನ ಮೊಣಕಾಲು ಸವೆದಿದೆ. ಜನ ನನ್ನನ್ನು ಡಿಶ್ ನಾಗೇಶಣ್ಣ ಎಂದೇ ಕರೆಯುವುದು. ಬರೀ ನಾಗೇಶಣ್ಣ ಎಂದರೆ ನಾನೇ ತಿರುಗಿ ನೋಡುವುದಿಲ್ಲ. ಈಗ ಏಣಿಯನ್ನು ಹೊಸಬರ ಕೈಗೆ ಕೊಟ್ಟು ಕೂತಿದ್ದೇನೆ. ಅವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಅನುಮಾನ ಕೇಳುತ್ತಾರೆ. ಒಂದೊಂದೇ ಹೇಳುವುದಕ್ಕಿಂತ ಬರೆದೇ ಬಿಡುವುದು ಒಳ್ಳೆಯದು ಅನ್ನಿಸಿತು.

ನಾನು ಕೆಲಸಕ್ಕೆ ಇಳಿದದ್ದು ಆಂಟೆನಾ ಕಾಲದಲ್ಲಿ. ಒಬ್ಬ ಕಂಬ ತಿರುಗಿಸಬೇಕು, ಒಬ್ಬ ಟಿವಿ ಮುಂದೆ ಕೂರಬೇಕು, ನಡುವೆ ಅಂಗಳದಲ್ಲಿ ಇನ್ನೊಬ್ಬ ನಿಂತು ಒಳಗಿನ ಮಾತನ್ನು ಮೇಲಕ್ಕೆ ಕೂಗಬೇಕು. ಭಂಡಿಗಡಿಯ ಒಂದು ಮನೆಯಲ್ಲಿ ಅಂಗಳದಲ್ಲಿ ನಿಂತವರು ಮನೆಯ ಯಜಮಾನರೇ. ನಾನು ಕಂಬ ತಿರುಗಿಸುತ್ತ "ಬಂತಾ?" ಎಂದೆ. ಅವರು "ಬಂತು, ಬಂತು!" ಎಂದು ಕೂಗಿದರು. ನಟ್ಟು ಬಿಗಿ ಮಾಡಿ ಇಳಿದು ನೋಡಿದರೆ ಟಿವಿಯಲ್ಲಿ ಬರೀ ಚುಕ್ಕಿ, ಯಜಮಾನರೂ ಇಲ್ಲ. ಬಂದದ್ದು ಅವರು ಹೋಗಬೇಕಾಗಿದ್ದ ಬಸ್ಸು. ಆವತ್ತಿನಿಂದ ನಾನು "ಬಂತಾ?" ಎಂದು ಕೇಳುವುದನ್ನು ಬಿಟ್ಟೆ. "ಮುಖ ಕಾಣ್ತದಾ?" ಎಂದು ಕೇಳುತ್ತೇನೆ. ನೀವೂ ಹಾಗೇ ಕೇಳಿ.

ಆಮೇಲೆ ಡಿಶ್ ಬಂತು. ಶೃಂಗೇರಿ ಕಡೆಯ ಮಂಗಗಳಿಗೆ ಅದು ಮೈ ಕಾಯಿಸಿಕೊಳ್ಳಲು ಮಾಡಿಸಿದ ಬುಟ್ಟಿ ಎಂದು ಅನ್ನಿಸಿರಬೇಕು. ಮರಿಯನ್ನು ಎತ್ತಿಕೊಂಡು ಬಂದು ಕೂರುತ್ತಿದ್ದವು. ಡಿಶ್ ಒಂದು ಬೆರಳಿನಷ್ಟು ಸರಿದರೂ ಚಿತ್ರ ಹೋಗುತ್ತದೆ, ಫೋನು ಬರುತ್ತದೆ. ಬಸರೀಕಟ್ಟೆಯ ಎಸ್ಟೇಟಿಗೆ ಒಂದು ಬಸ್ಸು ಹಿಡಿದು, ಅಲ್ಲಿಂದ ಜೀಪು ಹಿಡಿದು ಹೋಗಿ, ಒಂದು ಬೆರಳಿನಷ್ಟು ತಿರುಗಿಸಿ ಬರುವುದು ಲಾಭದ ಕೆಲಸ ಅಲ್ಲ. ಹಾಗಾಗಿ ಫೋನಿನಲ್ಲೇ ಹೇಳಿಕೊಟ್ಟು ಅವರ ಕೈಯಿಂದಲೇ ತಿರುಗಿಸುವ ಉಪಾಯ ಬೇಕಿತ್ತು.

ಕಂಪನಿಯಿಂದ ಒಬ್ಬ ಸೂಪರ್‌ವೈಸರು ಬರುತ್ತಿದ್ದರು. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಗಿರಾಕಿಗೆ ಡಿಗ್ರಿ ಲೆಕ್ಕದಲ್ಲೇ ಹೇಳಬೇಕು ಎಂದು ಅವರ ಹಟ. ನನ್ನೆದುರಿಗೇ ಬಸರೀಕಟ್ಟೆಯ ಗೌಡರಿಗೆ ಫೋನ್ ಮಾಡಿ "ಸರ್, ಡಿಶ್ಶನ್ನು ನೂರಾ ಇಪ್ಪತ್ತು ಡಿಗ್ರಿಗೆ ಇಡಿ" ಎಂದರು. ಗೌಡರು "ಅಷ್ಟು ಬಿಸಿ ಮಾಡಿದ್ರೆ ಅದು ಕರಗಲ್ವಾ ಮಾರಾಯ್ರೇ?" ಎಂದು ಕೇಳಿದರು.

ನಾನು ಫೋನ್ ಕಿತ್ತುಕೊಂಡೆ. "ಗೌಡ್ರೇ, ನಾನು ನಾಗೇಶ. ಡಿಶ್ ಮುಖವನ್ನ ನಿಮ್ಮ ಅಡುಗೆಮನೆ ಮೂಲೆಗೆ ತಿರುಗಿಸಿ. ನಿಧಾನ. ಮುಖ ಕಂಡ ಕೂಡ್ಲೇ ನಿಲ್ಸಿ."

"ಹಾಗೆ ಹೇಳಾದಪ್ಪ! ಇಕಾ, ಬಂದೇ ಬಿಡ್ತು."

ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆ ಆಗ್ನೇಯ ಮೂಲೆಯಲ್ಲಿ. ಅದನ್ನು ಬದಲಾಯಿಸುವ ಧೈರ್ಯ ಯಾವ ಮೇಸ್ತ್ರಿಗೂ ಇಲ್ಲ. ನಮಗೆ ಬೇಕಾದ ಉಪಗ್ರಹವೂ ನಮ್ಮ ಆಕಾಶದಲ್ಲಿ ಆಗ್ನೇಯಕ್ಕೇ ಇದೆ. ವಾಸ್ತುವೂ ಕಂಪನಿಯೂ ಒಪ್ಪಿಕೊಂಡ ಒಂದೇ ವಿಷಯ ಇದು. ಈ ಉಪಾಯವನ್ನು ಸೂಪರ್‌ವೈಸರು ತಮ್ಮದೇ ಎಂದು ಮೇಲಿನವರಿಗೆ ವರದಿ ಮಾಡಿದರು. ನಾನು ತಕರಾರು ಮಾಡಲಿಲ್ಲ. ಬದಲಿಗೆ ಒಂದು ಹೊಸ ಸಿಗ್ನಲ್ ಮೀಟರು ಇಸಿದುಕೊಂಡೆ. ಹೆಸರಿಗಾಗಿ ಜಗಳ ಆಡಬೇಡಿ, ಸಾಮಾನು ಕೇಳಿ.

ಎಷ್ಟೋ ವರ್ಷ ಇದು ನನ್ನ ಕೈ ಬಿಡಲಿಲ್ಲ. ಹಾಗಾಗಿಯೇ ಕೊನೆಗೆ ನನ್ನನ್ನು ಮುಳುಗಿಸಲು ಹೊರಟದ್ದೂ ಇದೇ.

ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ವಾಸು ಎಂಬವನು ಜೀಪನ್ನು ಮಾರಿ ಹಳೆಯ ಮಿನಿ ಬಸ್ಸು ತಂದಿದ್ದ. ಸೀಟು ಕಿತ್ತು, ಮಂಚ ಹಾಕಿ, ಹಿಂದಿನ ಎಡಮೂಲೆಯಲ್ಲಿ ಗ್ಯಾಸ್ ಒಲೆ, ಕಲ್ಲಿನ ಕಟ್ಟೆ, ಸಣ್ಣ ಸಿಂಕು ಕೂರಿಸಿ, ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟಿದ್ದ. ಜನರನ್ನು ದೂರದ ಯಾತ್ರೆಗೆ ಕರೆದುಕೊಂಡು ಹೋಗುವುದು, ಹೋಟೆಲಿನ ತಾಪತ್ರಯ ಇಲ್ಲ, ಹೆಂಡತಿ ಲಲಿತಕ್ಕನದೇ ಅಡುಗೆ. ಯೋಚನೆ ಒಳ್ಳೆಯದೇ. ಆದರೆ ಗಾಡಿ ಬಂದು ಮೂರು ತಿಂಗಳಾದರೂ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಬಂದವರು ಹತ್ತಿ, ಮಂಚದ ಮೇಲೆ ಕೂತು, ಕಾಫಿ ಕುಡಿದು, ಭಾರೀ ಚೆಂದ ಉಂಟು ಎಂದು ಇಳಿದು ಹೋಗುತ್ತಿದ್ದರು.

ಕೊನೆಗೆ ಸಿಕ್ಕವರು ನರಸಿಂಹರಾಜಪುರದ ಪದ್ಮಾವತಮ್ಮ. ಎಂಬತ್ತು ದಾಟಿದ ಗಟ್ಟಿ ಹೆಂಗಸು. ಕಾಶಿಗೆ ಹೋಗಬೇಕು, ರೈಲು ಆಗದು, ವಿಮಾನ ಬೇಡ. ಜೊತೆಗೆ ನೆಂಟರಿಷ್ಟರನ್ನೂ ಕರೆತರುತ್ತಾರೆ. ಆದರೆ ಸಂಜೆ ಏಳು ಗಂಟೆಯ ಧಾರಾವಾಹಿ ಒಂದು ದಿನವೂ ತಪ್ಪಬಾರದು. ಗಾಡಿ ಎಲ್ಲಿ ನಿಂತರೂ ಕನ್ನಡ ಚಾನೆಲ್ ಬರಬೇಕು.

"ಅಮ್ಮನ್ನ ಒಪ್ಸು ಮಾರಾಯಾ" ಎಂದು ವಾಸು ನನ್ನನ್ನು ಎಳೆದುಕೊಂಡು ಹೋದ. "ಇವ್ರು ಕೈ ಬಿಟ್ರೆ ಗಾಡಿ ಮಾರಿ ಮತ್ತೆ ಯಾರದೋ ಜೀಪಿಗೆ ಡ್ರೈವರ್ ಆಗಾದೇ. ಲಲಿತಾ ಮಾತು ಬಿಟ್ಟು ಒಂದು ವಾರ ಆಯ್ತು."

ನಾನು ಪದ್ಮಾವತಮ್ಮನ ಜಗುಲಿಯಲ್ಲಿ ಕೂತು ಮಾತು ಶುರು ಮಾಡಿದೆ.

"ಕನ್ನಡ ಚಾನೆಲ್ಲು ಕಾಶಿಯಲ್ಲೂ ಬರ್ತದೆ ಅಮ್ಮಾ. ಆಕಾಶದಿಂದ ಬರಾದು, ಇಡೀ ದೇಶಕ್ಕೆ ಒಂದೇ."

"ನಮ್ಮೂರ ಕೇಬಲ್ಲಿನ ಚಾನೆಲ್ಲು? ಅಡಿಕೆ ರೇಟು, ಕರೆಂಟ್ ಹೋಗಾದು, ಯಾರು ತೀರಿಕೊಂಡ್ರು ಅಂತ ಕೆಳಗೆ ಓಡ್ತದಲ್ಲ?"

"ಅದು ತಂತಿಯಲ್ಲಿ ಬರಾದು. ಇಲ್ಲಿಂದ ಕಾಶಿಗೆ ತಂತಿ ಎಳೀಲಿಕ್ಕೆ ಆಗ್ತದಾ? ಯಾರಾದ್ರೂ ತೀರಿಕೊಂಡ್ರೆ ನಾನೇ ಫೋನ್ ಮಾಡ್ತೇನೆ."

"ನೀನೇ ತೀರಿಕೊಂಡ್ರೆ?"

"ಧಾರಾವಾಹಿ ಮುಗಿದ ಮೇಲೆ ತೀರಿಕೊಳ್ತೇನೆ ಅಮ್ಮಾ."

ಅದಕ್ಕೆ ಆಕೆ ನಕ್ಕರು. ಗಿರಾಕಿ ನಕ್ಕ ಕೂಡಲೇ ಮುಖ್ಯವಾದ ಮಾತು ಇಡಬೇಕು. ಮೂರು ದಿನ ಪರೀಕ್ಷೆಗೆ ಸುತ್ತೋಣ, ಹರಿಹರಪುರ, ಶೃಂಗೇರಿ, ವಾಪಸ್ ದಾರಿಯಲ್ಲಿ ಒಂದು ಕಡೆ ಎಂದೆ. ಆಕೆ ಮೂರು ಸಂಜೆಯೂ ಬರಬೇಕು ಎಂದರು. ಹೊಸ ಗಾಡಿ, ಹೊಸ ಕಂಬ, ಮೂರರಲ್ಲಿ ಒಂದು ಎಂದೆ. ಅಲ್ಲಿಂದ ಇಲ್ಲಿಂದ ಎಳೆದು ಮೂರರಲ್ಲಿ ಎರಡು ಎಂದು ಇತ್ಯರ್ಥವಾಯಿತು. ಈ ಒಂದು ಸಂಜೆಯನ್ನು ಚೌಕಾಶಿ ಮಾಡಿ ಉಳಿಸಿದ್ದೇ ಆಮೇಲೆ ನಮ್ಮ ಜೀವ ಉಳಿಸಿತು. ನಮ್ಮ ಕೆಲಸದ ಮೇಲೆ ನಮಗೆ ಎಷ್ಟೇ ನಂಬಿಕೆ ಇರಲಿ, ಒಂದು ಸಲ ಸೋಲುವುದಕ್ಕೆ ಮೊದಲೇ ಜಾಗ ಕೇಳಿಟ್ಟುಕೊಳ್ಳಬೇಕು.

ಗಾಡಿಯ ಮಾಡಿನ ನಡುವೆ ಕಬ್ಬಿಣದ ಕಂಬ ಕಟ್ಟಿ ಡಿಶ್ ಕೂರಿಸಿದೆ. ಅದರ ಕತ್ತು ಎಷ್ಟು ಮೇಲಕ್ಕೆ ನೋಡಬೇಕೋ ಅಷ್ಟಕ್ಕೆ ನಾನೇ ಬಿಗಿ ಮಾಡಿದೆ. ಈ ಮೂರು ತಾಲ್ಲೂಕಿನೊಳಗೆ ಅದು ಬದಲಾಗುವುದಿಲ್ಲ. ಉತ್ತರಕ್ಕೆ ಹೋದ ಹಾಗೆ ಮುಖ ಕೆಳಗಿಳಿಸುತ್ತ, ದಕ್ಷಿಣಕ್ಕೆ ತಿರುಗಿಸುತ್ತ ಹೋಗಬೇಕು, ಅದಕ್ಕೆ ಬೇರೆ ಗುರುತು ಬರೆದುಕೊಟ್ಟೆ. ಇಲ್ಲಿ ಬರೀ ಪಕ್ಕಕ್ಕೆ ತಿರುಗಿಸಿದರೆ ಸಾಕು. ಗಾಡಿ ಮಟ್ಟವಾಗಿ ನಿಂತಿರಬೇಕು, ಅದಕ್ಕೊಂದು ರಸಮಟ್ಟ ಕೊಡುತ್ತೇನೆ ಎಂದರೆ ಲಲಿತಕ್ಕ ಬೇಡ ಎಂದರು. "ದೋಸೆ ಹಂಚಿಗೆ ಎಣ್ಣೆ ಹಾಕಿದ್ರೆ ಗೊತ್ತಾಗ್ತದೆ ನಾಗೇಶಣ್ಣಾ. ಎಣ್ಣೆ ಒಂದು ಬದಿಗೆ ಓಡಿದ್ರೆ ಆ ಬದಿ ತಗ್ಗು." ನನ್ನ ರಸಮಟ್ಟಕ್ಕಿಂತ ಅದೇ ವಾಸಿ. ಕೆಲಸ ಮುಗಿದ ಮೇಲೆ ದೋಸೆಯೂ ಸಿಗುತ್ತದೆ.

ಮೊದಲ ಸಂಜೆ ಗಾಡಿ ಹರಿಹರಪುರದಲ್ಲಿ. ನಾನು ಕೊಪ್ಪದ ಅಂಗಡಿಯಲ್ಲಿ. ಏಳಕ್ಕೆ ಕಾಲು ಗಂಟೆ ಇರುವಾಗ ವಾಸುವಿನ ಫೋನು.

"ನಾಗೇಶಣ್ಣಾ, ಬರ್ತಾ ಇಲ್ಲ."

"ಅಡುಗೆಮನೆ ಮೂಲೆಗೆ ತಿರುಗ್ಸು."

"ತಿರುಗ್ಸಿದೆ."

"ಸರಿಯಾಗಿ ತಿರುಗ್ಸು ಮಾರಾಯಾ."

"ಇನ್ನೆಂತ ಸರಿ? ಅಡುಗೆಮನೆಗೇ ಮುಖ ಮಾಡಿ ಇಟ್ಟಿದ್ದೇನೆ. ಒಗ್ಗರಣೆ ಹೊಗೆ ಸೀದಾ ಡಿಶ್ಶಿಗೆ ಹೊಡೀತಾ ಉಂಟು."

ಮರ ಅಡ್ಡ ಇರಬೇಕು, ಗಾಡಿಯನ್ನು ಸ್ವಲ್ಪ ತಿರುಗಿಸಿ ನಿಲ್ಲಿಸು ಎಂದೆ. ಅವನು ಗಾಡಿ ತಿರುಗಿಸಿದ. ಮತ್ತೆ ಅಡುಗೆಮನೆ ಮೂಲೆಗೆ ಡಿಶ್ ಇಟ್ಟ. ಇಲ್ಲ. ಇನ್ನೊಂದು ಸಲ ಗಾಡಿ ತಿರುಗಿಸಿದ. ಒಂದು ನಿಮಿಷ ಚಿತ್ರ ಬಂತಂತೆ, ಒಳಗಿನಿಂದ ಲಲಿತಕ್ಕ "ಎಣ್ಣೆ ಓಡ್ತಾ ಉಂಟು, ಗಾಡಿ ಮಟ್ಟ ಇಲ್ಲ" ಎಂದು ಕೂಗಿದರಂತೆ, ಇವನು ಮಟ್ಟ ಮಾಡಲು ಗಾಡಿ ಸರಿಸಿದ, ಚಿತ್ರ ಹೋಯಿತು. ಏಳೂಕಾಲರವರೆಗೆ ಆ ಗಾಡಿ ಮೈದಾನದಲ್ಲಿ ದಿಕ್ಕು ತಪ್ಪಿದ ಕೋಣದ ಹಾಗೆ ಸುತ್ತಿತು. ಒಳಗೆ ಪದ್ಮಾವತಮ್ಮ ಮಂಚದ ಕಂಬ ಹಿಡಿದುಕೊಂಡು, ಊರಲ್ಲಿದ್ದ ನೆರೆಮನೆಯಾಕೆಗೆ ಫೋನ್ ಮಾಡಿ, ಅವಳ ಟಿವಿಗೆ ಫೋನು ಹಿಡಿಯಲು ಹೇಳಿ, ಧಾರಾವಾಹಿಯನ್ನು ಕಿವಿಯಲ್ಲೇ ಕೇಳಿದರು.

ಮೂರರಲ್ಲಿ ಒಂದು ಹೋಯಿತು.

ಡಿಶ್ಶಿನ ಮುಂದೆ ಮೂತಿಯ ಹಾಗೆ ಒಂದು ಸಾಮಾನು ಇರುತ್ತದಲ್ಲ, ಅದು ಕೆಟ್ಟಿರಬೇಕು ಎಂದುಕೊಂಡು ಹೊಸದನ್ನು ಚೀಲಕ್ಕೆ ಹಾಕಿ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಬದಲಾಯಿಸಿದೆ. ಏನೂ ಇಲ್ಲ. ಕೇಬಲ್ ಬದಲಾಯಿಸಿದೆ. ಏನೂ ಇಲ್ಲ. ಸೆಟ್‌ಟಾಪ್ ಡಬ್ಬಿ ಬಿಚ್ಚಿ ಊದಿದೆ. ಊದುವುದರಿಂದ ಏನೂ ಆಗುವುದಿಲ್ಲ, ಆದರೆ ಗಿರಾಕಿ ನೋಡುತ್ತಿರುವಾಗ ಏನಾದರೂ ಮಾಡುತ್ತಿರಬೇಕು. ಕೊನೆಗೆ ಲಲಿತಕ್ಕ ತಟ್ಟೆಯಲ್ಲಿ ದೋಸೆ ಕೊಟ್ಟರು. ತಿನ್ನುತ್ತ ಕೂತಿದ್ದಾಗ ಬಾಗಿಲಿನಿಂದ ಬೆಳಗಿನ ಬಿಸಿಲು ನೇರ ಒಲೆಯ ಮೇಲೆ ಬಿತ್ತು. ಒಲೆ ಇದ್ದದ್ದು ಪಶ್ಚಿಮದಲ್ಲಿ.

ತಟ್ಟೆ ಕೆಳಗಿಟ್ಟೆ.

ಇಷ್ಟು ವರ್ಷ ಅಡುಗೆಮನೆ ಎಂದರೆ ದಿಕ್ಕು ಎಂದು ನಂಬಿದ್ದವನು ನಾನು. ಅಡುಗೆಮನೆಗೆ ಚಕ್ರ ಬಂದದ್ದು ನನ್ನ ತಲೆಗೆ ಹೋಗಿರಲಿಲ್ಲ. ವಾಸು ಗಾಡಿ ತಿರುಗಿಸಿದಷ್ಟು ಸಲವೂ ಆಗ್ನೇಯ ಎಂದು ನಾನು ಎಣಿಸಿದ್ದ ಮೂಲೆ ಅವನ ಹಿಂದೆಯೇ ತಿರುಗಿದೆ. ಒಂದು ನಿಮಿಷ ಚಿತ್ರ ಬಂದದ್ದು ಒಲೆ ತಾನಾಗಿ ಆಗ್ನೇಯಕ್ಕೆ ಬಂದು ನಿಂತಾಗ.

ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಮೊದಲು ರಿಪೇರಿ, ಆಮೇಲೆ ಒಪ್ಪಿಗೆ. ನಾನು ಸುಮ್ಮನೆ ಎದ್ದು ಹೋಗಿ ಡಿಶ್ ತಿರುಗಿಸಿದೆ. ಟಿವಿಯಲ್ಲಿ ಯಾರೋ ಪಾತ್ರೆ ತೊಳೆಯುವ ಪುಡಿಯ ಜಾಹೀರಾತು ಹಾಡಿದರು. ಆಮೇಲೆ ವಿಷಯ ಹೇಳಿದೆ.

"ಅಂದ್ರೆ ನಿನ್ನೆ ಇಡೀ ನಾನು ಸುತ್ತಿದ್ದು ಸುಮ್ನೆನಾ?" ಎಂದ ವಾಸು.

"ಮೊಬೈಲಲ್ಲಿ ದಿಕ್ಕು ತೋರ್ಸಾದು ಉಂಟಲ್ಲಾ" ಎಂದರು ಲಲಿತಕ್ಕ. ಅವರ ಮೊಬೈಲನ್ನು ಕಂಬದ ಹತ್ತಿರ ಹಿಡಿದರೆ ಒಂದು ಪೂರ್ವ, ಒಲೆಯ ಹತ್ತಿರ ಇನ್ನೊಂದು ಪೂರ್ವ, ಟಿವಿಯ ಸ್ಪೀಕರಿನ ಹತ್ತಿರ ಮೂರನೆಯದು. ಸುತ್ತ ಕಬ್ಬಿಣ ಇದ್ದರೆ ಅದಕ್ಕೆ ತಲೆ ಕೆಡುತ್ತದೆ. ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ ನೋಡಬೇಕು ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ಎರಡನೆಯ ಸಂಜೆ ಶೃಂಗೇರಿ. ನಾನೂ ಜೊತೆಗೇ ಹೋದೆ. ಪದ್ಮಾವತಮ್ಮ ಏಳಕ್ಕೆ ಮೊದಲೇ ಊಟ ಮುಗಿಸುವವರು, ಅದೂ ಪೂರ್ವಕ್ಕೆ ಮುಖ ಮಾಡಿಯೇ. ಬಾಳೆಲೆ ಹಾಕಿ ಕೂತರು. ನಾನು ನೋಡುತ್ತ ನಿಂತೆ. ಮುಖ ಪೂರ್ವ. ಬಲಗೈ ದಕ್ಷಿಣ. ಹಾಗಾದರೆ ಎಲೆಯ ಆಚೆ ಬದಿಯ ಬಲತುದಿ ಸೀದಾ ಆಗ್ನೇಯ!

"ವಾಸೂ, ಅಮ್ಮನ ಎಲೆ ನೋಡು. ಆಚೆ ಬದಿ, ಬಲತುದಿ. ಅಲ್ಲಿಗೆ ಡಿಶ್."

ವಾಸು ಮೇಲೆ ಹತ್ತಿದ. ಮೇಲಿನಿಂದ ಒಳಗಿನ ಎಲೆ ಕಾಣುವುದಿಲ್ಲ ಎಂದ. ಲಲಿತಕ್ಕ ಇನ್ನೊಂದು ಎಲೆ ತಂದು, ಅಮ್ಮನ ಎಲೆಯ ಹಾಗೇ ಹೊರಗೆ ನೆಲದ ಮೇಲೆ ಹಾಸಿದರು. ಹಾಸಿ ಒಳಗೆ ಸಾರು ಬಡಿಸಲು ಹೋದರು. ನಾನು ಟಿವಿಯ ಮುಂದೆ.

"ಮುಖ ಕಾಣ್ತದಾ?" ಮೇಲಿನಿಂದ ವಾಸು.

"ಇಲ್ಲ. ಎಲೆ ನೋಡಿ ತಿರುಗ್ಸು."

"ಎಲೆ ನೋಡಿಯೇ ತಿರುಗ್ಸಾದು. ಎಲೆ ಸಲ್ಪ ಎಡಕ್ಕೆ ಹೋಯ್ತು. ಈಗ?"

"ಇಲ್ಲ."

"ಎಲೆ ಇನ್ನೂ ಎಡಕ್ಕೆ ಹೋಗ್ತಾ ಉಂಟು ನಾಗೇಶಣ್ಣಾ."

ಎಲೆ ಯಾಕೆ ಹೋಗುತ್ತದೆ ಎಂದು ಹೊರಗೆ ಬಂದು ನೋಡಿದರೆ ಒಂದು ದನ ಎಲೆಯ ತುದಿ ಕಚ್ಚಿ ಎಳೆಯುತ್ತ ಹಿಂದೆ ಹಿಂದೆ ನಡೆಯುತ್ತಿತ್ತು. ವಾಸು ಅದರ ಜೊತೆಗೇ ಡಿಶ್ ತಿರುಗಿಸುತ್ತ ಬಂದಿದ್ದ. ದನ ಓಡಿಸಿ, ಉಳಿದ ಅರ್ಧ ಎಲೆಯನ್ನು ಸರಿ ಮಾಡಿಟ್ಟೆ. ಏಳಕ್ಕೆ ಎರಡು ನಿಮಿಷ ಇರುವಾಗ ಧಾರಾವಾಹಿಯ ಹಾಡು ಶುರುವಾಯಿತು. ವಾಸು ಮಾಡಿನ ಮೇಲೇ ಕುಣಿದ. ಅವನ ಕುಣಿತಕ್ಕೆ ಚಿತ್ರ ನಡುಗಿತು, ನಿಲ್ಲಿಸು ಮಾರಾಯಾ ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು.

ಧಾರಾವಾಹಿ ಮುಗಿದ ಮೇಲೆ ಪದ್ಮಾವತಮ್ಮ ನನ್ನ ಕಡೆ ತಿರುಗಿದರು. "ಇವತ್ತಿದು ಪಾಸು. ಆದ್ರೆ ಕಾಶಿಗೆ ನೀನು ಬರ್ತೀಯೇನಾ?"

"ಇಲ್ಲ ಅಮ್ಮಾ, ಅಂಗಡಿ ಉಂಟು."

"ಮತ್ತೆ ನೀನು ಹೇಳಿಕೊಟ್ಟು ಬಂದ್ರೆ ಅದು ಎಂಥ ಪರೀಕ್ಷೆ? ನಾಳೆ ನೀನು ಬಾಯಿ ತೆರೀಬಾರ್ದು. ಕೈಯೂ ಹಾಕಬಾರ್ದು."

ಮಾತು ನ್ಯಾಯವಾಗಿತ್ತು. ನ್ಯಾಯವಾದ ಮಾತಿನ ಎದುರು ಚೌಕಾಶಿ ನಡೆಯುವುದಿಲ್ಲ. ಒಪ್ಪಿಕೊಂಡೆ.

ಮೂರನೆಯ ಸಂಜೆ ಕೊಪ್ಪ ದಾಟಿ ನರಸಿಂಹರಾಜಪುರದ ದಾರಿಯಲ್ಲಿ ಒಂದು ಶಾಲೆಯ ಮೈದಾನದಲ್ಲಿ ಗಾಡಿ ನಿಂತಿತು. ಆಕಾಶದ ತುಂಬ ಮೋಡ, ಸೂರ್ಯ ಯಾವ ಕಡೆ ಇಳಿದ ಎಂಬುದೂ ತಿಳಿಯದು. ಲಲಿತಕ್ಕ ಗೆಲುವಿನಿಂದಲೇ ಇದ್ದರು. ಎಲೆ ತೊಳೆದು ತಂದು, "ಅಮ್ಮಾ, ಊಟಕ್ಕೆ ಏಳಿ" ಎಂದರು.

"ಇವತ್ತು ಏಕಾದಶಿ ಅಲ್ದನಾ. ನನಗೆ ಊಟ ಇಲ್ಲ."

ಲಲಿತಕ್ಕ ಎಲೆ ಹಿಡಿದುಕೊಂಡೇ ನಿಂತರು. ವಾಸು ಏಣಿಯ ಅರ್ಧದಲ್ಲಿ ನಿಂತ.

"ಒಂದು ಬಾಳೆಹಣ್ಣಾದ್ರೂ ತಿನ್ನಿ ಅಮ್ಮಾ, ಪೂರ್ವಕ್ಕೆ ಮುಖ ಮಾಡಿ" ಎಂದು ವಾಸು ಬೇಡಿದ.

"ಬೇಡ."

"ತಿನ್ನಾದು ಬೇಡ, ಸುಮ್ನೆ ಕೂತ್ಕೊಳ್ಳಿ."

"ಕಾಶಿಯಲ್ಲಿ ಪೂರ್ವ ಯಾವ ಕಡೆ ಅಂತ ನನಗೆಂತ ಗೊತ್ತು? ಅಲ್ಲಿ ನನ್ನನ್ನ ನೋಡಿಕೊಂಡು ಡಿಶ್ ಇಡ್ತೀರಾ? ನೀವೇ ಹುಡುಕಿ."

ನಾನು ಬಾಯಿ ತೆರೆದೆ. ತೆರೆದದ್ದನ್ನು ಆಕೆ ನೋಡಿದರು. ಎಲೆ ಅಡಿಕೆಯ ಡಬ್ಬಿ ತೆಗೆದು, ನಾಲ್ಕು ವೀಳ್ಯದೆಲೆ ಒಟ್ಟಿಗೆ ಮಡಿಸಿ, ಅಡಿಕೆ ಸುಣ್ಣ ತುಂಬಿ ನನ್ನ ಬಾಯಿಗೇ ಇಟ್ಟರು. "ಏಕಾದಶಿ ನನಗೆ, ನಿನಗಲ್ಲ. ಅಗಿ. ಧಾರಾವಾಹಿ ಮುಗಿಯೋವರೆಗೆ ಉಗೀಬಾರ್ದು." ಎಂದೂ ಇಷ್ಟು ದೊಡ್ಡ ಕವಳ ನನ್ನ ಬಾಯಿಗೆ ಬಿದ್ದಿರಲಿಲ್ಲ. ಮಾತು ಹಾಗಿರಲಿ, ಉಸಿರಿಗೂ ಜಾಗ ಇರಲಿಲ್ಲ. ನಾನು ಟಿವಿಯ ಮುಂದಿನ ಸ್ಟೂಲಿನ ಮೇಲೆ ಕೂತೆ.

ಏಳಕ್ಕೆ ಹದಿನೈದು ನಿಮಿಷ. ವಾಸು ಮೇಲೆ ಡಿಶ್ಶನ್ನು ಸುಮ್ಮನೆ ಸುತ್ತಿಸುತ್ತಿದ್ದ. ಅಂದಾಜಿಗೆ ಸುತ್ತಿಸಿದರೆ ಸಿಗುವುದಿಲ್ಲ, ಬೇಗ ತಿರುಗಿಸಿದರೆ ಟಿವಿಗೆ ಹಿಡಿದುಕೊಳ್ಳಲು ಸಮಯ ಸಾಲದು. ನಿಧಾನ, ನಿಧಾನ ಎಂದು ಕೂಗಬೇಕು ಅನ್ನಿಸಿ "ಊಂ, ಊಂ" ಎಂದೆ. ಪದ್ಮಾವತಮ್ಮ ಬೆರಳು ತೋರಿಸಿದರು. ಸುಮ್ಮನಾದೆ.

ಆಗ ಲಲಿತಕ್ಕ ಸೆರಗು ಸಿಕ್ಕಿಸಿದರು. "ಅಡುಗೆಮನೆ ತಾನೇ ಬೇಕು? ನಮ್ಮದು ತಿರುಗ್ತದೆ, ಸರಿ. ಊರಿನವ್ರದ್ದು ತಿರುಗಾದಿಲ್ಲ ಅಲ್ದಾ?" ಎಂದು ಹೇಳಿ, ರಸ್ತೆ ದಾಟಿ ಎದುರಿನ ಹಂಚಿನ ಮನೆಗೆ ನಡೆದರು.

ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಕೈಗೂ ಅಪ್ಪಣೆ ಇರಲಿಲ್ಲ.

ಹೋದವರು ಬರಲಿಲ್ಲ. ಏಳಕ್ಕೆ ಹತ್ತು ನಿಮಿಷ. ಐದು ನಿಮಿಷ. ಏಳು. ವಾಸು ಮೇಲಿನಿಂದ "ಲಲಿತಾ! ಲಲಿತಾ!" ಎಂದು ಕೂಗಿ ಸೋತು ಇಳಿದು ಬಂದು, ಮುಂದಿನ ಬಂಪರಿನ ಮೇಲೆ ತಲೆ ಹಿಡಿದು ಕೂತ. ಜೀಪು ಮಾರಿದ್ದೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಪದ್ಮಾವತಮ್ಮ ಗೋಡೆಗಡಿಯಾರ ನೋಡಿದರು, ಕಪ್ಪು ಟಿವಿ ನೋಡಿದರು. ಬೈದಿದ್ದರೆ ಸಮಾಧಾನ ಇರುತ್ತಿತ್ತು.

ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಲಲಿತಕ್ಕ ಓಡುತ್ತ ಬಂದರು. ಕಂಕುಳಲ್ಲಿ ಹಲಸಿನ ಹಪ್ಪಳದ ಕಟ್ಟು. "ಇವ್ರೇ, ಹತ್ತಿ ಮೇಲೆ! ಆ ಮನೆಯ ದೊಡ್ಡ ಹೊಗೆಗೂಡು ಕಾಣ್ತದಲ್ಲ, ಅದು ಇರಾ ಮೂಲೆ. ಮನೆ ನಡುವಿನಿಂದ ಅದು ಯಾವ ದಿಕ್ಕಿಗೋ ಆ ದಿಕ್ಕಿಗೆ. ಸಣ್ಣ ಹೊಗೆಗೂಡು ಅಲ್ಲ! ದೊಡ್ಡದು!"

ವಾಸು ಹತ್ತಿದ. ಕಾಲು ಸುತ್ತು, ಎರಡು ಬೆರಳು, ನಿಧಾನ. ಟಿವಿ ಒಂದು ಸಲ ಮಿಣುಕಿ, ಧಾರಾವಾಹಿಯ ದೊಡ್ಡ ಸೊಸೆ ಒಂದು ಕಾಗದ ಹಿಡಿದು ನಿಂತಿದ್ದು ಕಂಡಿತು. ನಾನು ಎರಡೂ ಕೈ ಎತ್ತಿದೆ, ಲಲಿತಕ್ಕ "ನಿಲ್ಸಿ!" ಎಂದು ಮೇಲಕ್ಕೆ ಕೂಗಿದರು.

"ಹನ್ನೆರಡು ನಿಮಿಷ ಹೋಯ್ತು" ಎಂದರು ಪದ್ಮಾವತಮ್ಮ. "ಒಂದು ಅಡುಗೆಮನೆ ಕೇಳ್ಲಿಕ್ಕೆ ಅಷ್ಟು ಹೊತ್ತು ಬೇಕಾ ಹುಡುಗಿ?"

"ಎಂತ ಮಾಡಾದು ಅಮ್ಮಾ? ನಿಮ್ಮ ಅಡುಗೆಮನೆ ಎಲ್ಲಿ ಅಂತ ಕೇಳ್ದೆ. ಯಾರದ್ದು, ನನ್ನದಾ ನಮ್ಮ ಅತ್ತೆಯದ್ದಾ ಅಂತ ಆ ಮನೆ ಸೊಸೆ ಕೇಳಿದ್ಲು."

ಪದ್ಮಾವತಮ್ಮ ಟಿವಿಯಿಂದ ಅರ್ಧ ತಿರುಗಿದರು. "ಎರಡು ಅಡುಗೆಮನೆಯಾ? ಒಂದೇ ಮಾಡಿನಡಿ?"

"ಹೂಂ. ಎರಡು ವರ್ಷ ಆಯ್ತಂತೆ ಬೇರೆ ಒಲೆ ಹಚ್ಚಿ. ಅತ್ತೆ ಹೇಳ್ತಾರೆ ನನ್ನದೇ ಆಗ್ನೇಯ ಅಂತ. ಸೊಸೆ ಹೇಳ್ತಾಳೆ ನನ್ನದು ಅಂತ. ಇಬ್ರೂ ನನ್ನ ಕೈ ಹಿಡ್ಕೊಂಡು ಒಂದೊಂದು ಕಡೆ ಎಳೀತಾರೆ."

"ಕಾರಣ ಎಂತ ಮಾರಾಯ್ತೀ?"

"ಗ್ರೈಂಡರ್ ಅಂತೆ."

ಆಕೆ ಪೂರ್ತಿ ತಿರುಗಿದರು. "ಆ ಟಿವಿ ಸೌಂಡು ಕಮ್ಮಿ ಮಾಡು. ಗ್ರೈಂಡರ್ ಯಾರದ್ದು? ತವರಿನದ್ದಾ?"

ಲಲಿತಕ್ಕ ಮಂಚದ ಮೇಲೆ ಕಾಲು ಮಡಿಸಿ ಕೂತರು. ಗ್ರೈಂಡರು ಸೊಸೆಯ ತವರಿನದು, ಅತ್ತೆ ಅದರಲ್ಲಿ ನೆಂಟರ ಮನೆಯ ಮದುವೆಗೆಂದು ಉದ್ದು ಅರೆದು ಸುಟ್ಟು ಹಾಕಿದ್ದು, ಗಂಡ ಬೆಳಗಿನ ತಿಂಡಿ ಅಲ್ಲಿ ರಾತ್ರಿ ಊಟ ಇಲ್ಲಿ ಮಾಡುತ್ತ ದಪ್ಪಗಾಗಿದ್ದು, ಕೊನೆಗೆ ಆ ದಪ್ಪ ಗಂಡನೇ ಹಿತ್ತಿಲಿನಿಂದ ಬಂದು, ಇಬ್ಬರಿಗೂ ಕೇಳದ ಹಾಗೆ, ಅಮ್ಮನದ್ದೇ ಆಗ್ನೇಯ, ಆದರೆ ನಾನು ಹೇಳಿದೆ ಅಂತ ಹೇಳಬೇಡಿ ಎಂದದ್ದು. ವಾಸು ಕೂಡ ಇಳಿದು ಬಂದು ಬಾಗಿಲಲ್ಲಿ ನಿಂತ. ಪದ್ಮಾವತಮ್ಮ ನಡುನಡುವೆ "ಅಯ್ಯೋ", "ಹೌದನಾ", "ಅವಳದ್ದೇ ತಪ್ಪು" ಎನ್ನುತ್ತಿದ್ದರು.

ಧಾರಾವಾಹಿ ಮುಗಿದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅದನ್ನು ನೋಡಿದವನು ನಾನೊಬ್ಬನೇ. ಬಾಯಿ ತುಂಬಿಕೊಂಡು, ಕೈ ಕಟ್ಟಿಕೊಂಡು, ಕಣ್ಣು ಬಿಟ್ಟು ನೋಡಿದೆ.

ಆ ಸಂಜೆ ಪಾಸೋ ಫೇಲೋ ಆಕೆ ಹೇಳಲಿಲ್ಲ. ಹನ್ನೆರಡು ನಿಮಿಷ ಹೋದದ್ದಂತೂ ನಿಜ. ಮನೆ ಮುಟ್ಟಿಸಿದಾಗಲೂ "ಯೋಚನೆ ಮಾಡ್ತೇನೆ" ಎಂದು ಇಳಿದು ಹೋದರು. ಲಲಿತಕ್ಕ ಹಪ್ಪಳದ ಕಟ್ಟು ಹಿಡಿದುಕೊಂಡು ಅಳುವ ಹಾಗೆ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಪದ್ಮಾವತಮ್ಮನ ಫೋನು.

"ನಾಗೇಶಾ, ನಿನ್ನೆ ಆ ಕಾಗದ ಅವಳು ಓದಿದ್ಲೇನಾ?"

ಕಾಗದ ಯಾವುದು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ತಿಳಿಯಿತು, ಧಾರಾವಾಹಿಯ ದೊಡ್ಡ ಸೊಸೆಯ ಕೈಯಲ್ಲಿದ್ದದ್ದು. ಈ ವ್ಯಾಪಾರದಲ್ಲಿ ಆವರೆಗೆ ನನ್ನ ಕೈಗೆ ಸಿಗದಿದ್ದ ಸರಕು ಈಗ ಸಿಕ್ಕಿತ್ತು. ಬೀಗದ ಕೈಯನ್ನು ಜೇಬಿಗೆ ಹಾಕಿ, ಮೆಟ್ಟಿಲ ಮೇಲೆ ಸರಿಯಾಗಿ ಕೂತೆ.

"ಹೇಳ್ತೇನೆ ಅಮ್ಮಾ. ಮೊದ್ಲು ಕಾಶಿಗೆ ಹೊರಡಾದು ಯಾವತ್ತು ಅಂತ ಹೇಳಿ."

"ನೀನು ಭಾರೀ ಕಿಲಾಡಿ."

"ನೆರೆಮನೆಯವ್ರನ್ನ ಕೇಳಿ ಬೇಕಾದ್ರೆ."

"ಅವಳು ನಿನ್ನೆ ತವರಿಗೆ ಹೋಗಿದ್ಲು, ಕೇಳಿ ಆಯ್ತು." ಫೋನಿನಲ್ಲಿ ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಆಕೆ ಹೇಳಿದರು, "ಬರೋ ಗುರುವಾರ ಬೆಳಿಗ್ಗೆ ಗಾಡಿ ತರಲಿಕ್ಕೆ ಹೇಳು. ಊರೂರಲ್ಲೂ ಲಲಿತಾ ಅಡುಗೆಮನೆ ಕೇಳಿಯೇ ಡಿಶ್ ಇಡ್ಸಬೇಕು, ಬೇರೆ ವಿದ್ಯೆ ಕಲಿಸ್ಬೇಡ ಅವಳಿಗೆ. ಆಯ್ತಲ್ಲ? ಇನ್ನು ಹೇಳು. ಓದಿದ್ಲಾ, ಹರಿದ್ಲಾ?"